ಜೋತುಬಿದ್ದ ರೂಫ್ ಲೈನಿಂಗ್, ಸವೆದ ಡೋರ್ ಪ್ಯಾಡ್: ಹಳೆಯ ಕಾರಿನ ಒಳಮೈ ಸರಿಪಡಿಸುವ ಬಗೆ

ಕಾರಿಗೆ 12–15 ವರ್ಷ ತುಂಬುವ ಹೊತ್ತಿಗೆ ಎಂಜಿನ್ ಇನ್ನೂ ಗಟ್ಟಿಯಾಗಿದ್ದರೂ ಒಳಮೈ ಸೋಲತೊಡಗಿರುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತವರ ತಲೆಗೆ ರೂಫ್ ಲೈನಿಂಗ್, ಅಂದರೆ ಛಾವಣಿಯ ಒಳಬದಿಯ ಹೊದಿಕೆ, ತಾಗುತ್ತದೆ. ಕಿಟಕಿ ಇಳಿಸಿ ಓಡಿಸಿದರೆ ಬಟ್ಟೆ ಹಾಯಿಯಂತೆ ಉಬ್ಬಿ, ಕನ್ನಡಿಯಲ್ಲಿ ಕಾಣಬೇಕಾದ ಹಿಂದಿನ ಗಾಜನ್ನು ಅರ್ಧ ಮುಚ್ಚಿಬಿಡುತ್ತದೆ. ಬಾಗಿಲುಗಳ ಒಳಬದಿಯ ಹೊದಿಕೆ ಹಲಗೆಯಾದ ಡೋರ್ ಪ್ಯಾಡ್‌ನಲ್ಲಿ ಮೊಣಕೈ ಊರುವ ಕಡೆ ರೆಕ್ಸಿನ್ ಎದ್ದುನಿಂತಿರುತ್ತದೆ, ಕೆಳಗಿನ ಮೂಲೆ ಉಬ್ಬಿ ಬಾಗಿಲಿನಿಂದ ದೂರ ಸರಿದಿರುತ್ತದೆ. ಇವೆರಡೂ ಮನೆಯಲ್ಲೇ, ಎರಡು ಮೂರು ದಿನ ಬಿಡುವು ಮಾಡಿಕೊಂಡರೆ, ಅಚ್ಚುಕಟ್ಟಾಗಿ ಮಾಡಿ ಮುಗಿಸಬಹುದಾದ ಕೆಲಸಗಳು. ಆದರೆ ಕೆಟ್ಟಿರುವುದು ಕಣ್ಣಿಗೆ ಕಾಣುವ ಬಟ್ಟೆಯಲ್ಲ, ಅದರ ಹಿಂದಿರುವ ವಸ್ತು ಎಂಬುದನ್ನು ಮೊದಲು ಮನಗಾಣಬೇಕು. ಮುಂದಿನಿಂದ ಮಾತ್ರ ಮಾಡಿದ ದುರಸ್ತಿ ಎಷ್ಟೇ ಚೆನ್ನಾಗಿ ಕಂಡರೂ ಬಹಳ ದಿನ ಬಾಳುವುದಿಲ್ಲ.

ಬಟ್ಟೆ ಏಕೆ ಬೀಳುತ್ತದೆ

ಈಗಿನ ಬಹುತೇಕ ಕಾರುಗಳಲ್ಲಿ ರೂಫ್ ಲೈನಿಂಗ್ ಎಂಬುದು ಮೂರು ಪದರಗಳ ಜೋಡಣೆ. ಮೇಲೆ ಛಾವಣಿಯ ಆಕಾರಕ್ಕೆ ಅಚ್ಚೊತ್ತಿದ ನಾರಿನ ಇಲ್ಲವೇ ಫೈಬರ್ ಗ್ಲಾಸ್‌ನ ಹಗುರವಾದ ಬೋರ್ಡು, ಅದರ ಕೆಳಗೆ 3 ಮಿ.ಮೀ. ಆಸುಪಾಸಿನ ಪಾಲಿಯುರೆಥೇನ್ ಫೋಮ್, ಅದಕ್ಕೆ ಬೆಸೆದ ತೆಳು ಹೆಣಿಗೆ ಬಟ್ಟೆ. ಬಿಸಿಲಿನ ಶಾಖ ಮತ್ತು ಗಾಳಿಯ ತೇವ ವರ್ಷಗಟ್ಟಲೆ ತಾಗಿದಾಗ ಈ ಫೋಮ್ ತನ್ನ ಹಿಡಿತ ಕಳೆದುಕೊಂಡು ಪುಡಿಯಾಗುತ್ತದೆ. ಬಟ್ಟೆ ಚೆನ್ನಾಗಿಯೇ ಇರುತ್ತದೆ, ಬೋರ್ಡಿನ ಮೇಲಿನ ಅಂಟು ಕೂಡ ಅಲ್ಲೇ ಇರುತ್ತದೆ. ನಡುವೆ ಹಿಡಿದಿಟ್ಟಿದ್ದ ಪದರವೇ ಇಲ್ಲವಾಗಿರುತ್ತದೆ.

ಜೋತುಬಿದ್ದ ಕಡೆ ಬಟ್ಟೆಯನ್ನು ಬೆರಳಿನಿಂದ ಮೇಲಕ್ಕೊತ್ತಿ ಮೆಲ್ಲಗೆ ಉಜ್ಜಿ ನೋಡಿ. ಒಳಗೆ ನುಣ್ಣನೆಯ ಮರಳು ಸರಿದಂತೆ ಅನಿಸಿದರೆ, ಅಂಚು ಬಿಡಿಸಿದಾಗ ಕಿತ್ತಳೆ ಮಿಶ್ರಿತ ಕಂದು ಬಣ್ಣದ ಅಂಟಂಟು ಪುಡಿ ಉದುರಿದರೆ, ಫೋಮ್ ಸತ್ತಿದೆ ಎಂದೇ ಅರ್ಥ. ಇಂಥ ಕಡೆ ಸಿರಿಂಜ್‌ನಲ್ಲಿ ಅಂಟು ತುಂಬುವುದಾಗಲಿ, ಗುಂಡುಪಿನ್ನು ಚುಚ್ಚುವುದಾಗಲಿ ಕೆಲವು ವಾರಗಳ ಸಮಾಧಾನವಷ್ಟೇ, ಏಕೆಂದರೆ ಅಂಟು ಹಿಡಿಯುವುದು ಪುಡಿಯನ್ನೇ ಹೊರತು ಬೋರ್ಡನ್ನಲ್ಲ. ಬಾಗಿಲಿನ ರಬ್ಬರಿನ ಕೆಳಗೆ ಅಂಚು ಮಾತ್ರ ಸ್ವಲ್ಪ ಬಿಟ್ಟಿದ್ದು, ಒಳಗಿನ ಫೋಮ್ ಒತ್ತಿದರೆ ಪುಟಿಯುವಷ್ಟು ಜೀವಂತವಾಗಿದ್ದರೆ, ಅಷ್ಟು ಭಾಗಕ್ಕೆ ಮಾತ್ರ ಅಂಟು ಹಚ್ಚಿ ಕೂರಿಸಬಹುದು. ಉಳಿದ ಎಲ್ಲ ಸಂದರ್ಭಗಳಲ್ಲೂ ಬೋರ್ಡು ಹೊರಗೆ ಬರಲೇಬೇಕು.

ಕೆಲಸ ಹಿಡಿಯುವ ಮುನ್ನ

ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚುವುದು ಮೊದಲ ಹೆಜ್ಜೆ. ಪಕ್ಕದ ಕರ್ಟನ್ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದು ರೂಫ್ ಲೈನಿಂಗ್‌ನ ಅಂಚಿನ ಮೇಲೆಯೇ ಮಡಚಿಕೊಂಡು ಕುಳಿತಿರುತ್ತದೆ. ತಂತಿ ಕಳಚಿದ ಮೇಲೂ ಅದರ ನಿಯಂತ್ರಣ ಘಟಕದ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಎಷ್ಟು ನಿಮಿಷ ಕಾಯಬೇಕೆಂದು ನಿಮ್ಮ ಕಾರಿನ ದುರಸ್ತಿ ಕೈಪಿಡಿಯಲ್ಲಿ ಬರೆದಿರುತ್ತದೆ, ಅಷ್ಟು ಹೊತ್ತು ಕಾಯಿರಿ. ಹಳದಿ ಬಣ್ಣದ ಕನೆಕ್ಟರುಗಳು ಸಾಮಾನ್ಯವಾಗಿ ಏರ್‌ಬ್ಯಾಗ್‌ಗೆ ಸೇರಿದವು, ಅವುಗಳನ್ನು ಮೀಟರ್ ಹಚ್ಚಿ ಪರೀಕ್ಷಿಸುವ ಸಾಹಸ ಬೇಡ. ಡಿಕ್ಕಿಯ ಬೀಗ ವಿದ್ಯುತ್ತಿನಿಂದ ತೆರೆಯುವಂಥದ್ದಾದರೆ ಬ್ಯಾಟರಿ ಕಳಚುವ ಮೊದಲೇ ಅದನ್ನು ತೆರೆದಿಟ್ಟುಕೊಳ್ಳಿ.

ಸಲಕರಣೆ ಹೆಚ್ಚೇನೂ ಬೇಡ. ಟ್ರಿಮ್ (ಒಳಮೈಯ ಹೊದಿಕೆ ಭಾಗಗಳು) ಎತ್ತುವ ಪ್ಲಾಸ್ಟಿಕ್ ಪಟ್ಟಿಗಳು, ಸ್ಕ್ರೂಡ್ರೈವರ್‌ಗಳು, ನೈಲಾನ್ ಬ್ರಷ್, ವ್ಯಾಕ್ಯೂಮ್, ಹರಿತವಾದ ಕತ್ತರಿ, ಹೊಸ ಬ್ಲೇಡು, ಮಾಸ್ಕ್, ಕೈಗವಸು, ಹೇರ್ ಡ್ರೈಯರ್ ಇದ್ದರೆ ಸಾಕು. ಕಬ್ಬಿಣದ ಸ್ಕ್ರೂಡ್ರೈವರ್‌ನಿಂದ ಟ್ರಿಮ್ ಎತ್ತಿದರೆ ಬಾಗಿಲಿನ ಬಣ್ಣವೂ ಹೋಗುತ್ತದೆ, ಪ್ಯಾಡಿನ ಅಂಚಿನಲ್ಲಿ ಎಂದೂ ಮಾಸದ ಕಚ್ಚೂ ಉಳಿಯುತ್ತದೆ. ಹಳೆಯ ಕ್ಲಿಪ್ಪುಗಳಲ್ಲಿ ಕೆಲವು ಮುರಿದೇ ಮುರಿಯುತ್ತವೆ, ಆದ್ದರಿಂದ ಅದೇ ಅಳತೆಯ ಹತ್ತು ಹದಿನೈದು ಕ್ಲಿಪ್ಪುಗಳನ್ನು ಮೊದಲೇ ತಂದಿಟ್ಟುಕೊಳ್ಳುವುದು ಜಾಣತನ. ಕಳಚಿದ ಪ್ರತಿಯೊಂದು ಭಾಗದ ಫೋಟೋ ತೆಗೆದು, ಅದರ ಸ್ಕ್ರೂಗಳನ್ನು ಪ್ರತ್ಯೇಕ ಚೀಲದಲ್ಲಿ ಹಾಕಿ ಹೆಸರು ಬರೆದಿಡಿ.

ಇನ್ನು ಬಟ್ಟೆ ಮತ್ತು ಅಂಟು. ಇವೆರಡರಲ್ಲಿ ಉಳಿತಾಯ ಮಾಡಲು ಹೋಗಬಾರದು. ಬಟ್ಟೆ ಫೋಮ್ ಬೆಸೆದಿರುವ, ವಾಹನಕ್ಕೆಂದೇ ತಯಾರಾದ ಬಟ್ಟೆಯಾಗಿರಲಿ. ಬರಿಯ ಬಟ್ಟೆಯನ್ನು ಅಂಟಿಸಿದರೆ ಬೋರ್ಡಿನ ಪ್ರತಿಯೊಂದು ತರಚು, ಕುಳಿ ಮೇಲೆ ಎದ್ದು ಕಾಣುತ್ತದೆ. ವಾಹನದ ಒಳಮೈ ವಸ್ತುಗಳು ಬೆಂಕಿ ತಗುಲಿದರೆ ಎಷ್ಟು ವೇಗವಾಗಿ ಉರಿಯಬಹುದು ಎಂಬುದಕ್ಕೆ ಮಿತಿಯೂ ಇದೆ. ಐಎಸ್‌ಒ 3795 ಎಂಬ ಅಂತರರಾಷ್ಟ್ರೀಯ ಮಾನದಂಡ ಆ ವೇಗವನ್ನು ಅಳೆಯುವ ವಿಧಾನ, ಅಮೆರಿಕದ ವಾಹನ ಸುರಕ್ಷತೆಯ ಎಫ್‌ಎಂವಿಎಸ್‌ಎಸ್ 302 ನಿಯಮದಲ್ಲಿ ಆ ಮಿತಿ ನಿಮಿಷಕ್ಕೆ 102 ಮಿ.ಮೀ. ಸೋಫಾಕ್ಕೋ ಪರದೆಗೋ ತಂದ ಬಟ್ಟೆ ಈ ಪರೀಕ್ಷೆಗೆ ಒಳಪಟ್ಟಿರುತ್ತದೆ ಎಂಬ ಖಾತರಿಯಿಲ್ಲ, ಅದೂ ತಲೆಯ ಮೇಲೆಯೇ ಇರುತ್ತದೆ. ಅಂಟು ಹೆಚ್ಚು ಶಾಖ ತಾಳುವ ಸ್ಪ್ರೇ ಕಾಂಟ್ಯಾಕ್ಟ್ ಅಂಟೇ (ಎರಡೂ ಮೈಗೆ ಹಚ್ಚಿ, ಸ್ವಲ್ಪ ಆರಿದ ಮೇಲೆ ಒತ್ತುವ ಅಂಟು) ಆಗಬೇಕು. ಮುಚ್ಚಿದ ಕಾರು ಬಿಸಿಲಿನಲ್ಲಿ ನಿಂತಾಗ ಛಾವಣಿಯ ತಗಡಿಗೆ ಮೈಯೊತ್ತಿದ ಬೋರ್ಡು ಸುಡುವಷ್ಟು ಕಾಯುತ್ತದೆ, ಮಾಮೂಲಿ ಕರಕುಶಲ ಕೆಲಸದ ಅಂಟು ಆ ಶಾಖಕ್ಕೆ ಮೆತ್ತಗಾಗಿ ಬಿಟ್ಟುಕೊಡುತ್ತದೆ. ಅಂಟು ತಾಳುತ್ತದೆಂದು ಡಬ್ಬಿಯ ಮೇಲೆ ಬರೆದಿರುವ ತಾಪಮಾನ 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ಅದನ್ನು ಕೊಳ್ಳಬೇಡಿ.

ಮೊದಲು ಒಂದು ಬಾಗಿಲು

ರೂಫ್ ಲೈನಿಂಗ್ ಬೇಗ ಮುಗಿಸಬೇಕೆಂಬ ಆತುರ ಎಷ್ಟೇ ಇದ್ದರೂ, ಕೆಲಸವನ್ನು ಒಂದು ಬಾಗಿಲಿನಿಂದ ಆರಂಭಿಸಿ ಎಂಬುದು ನನ್ನ ಸಲಹೆ. ಡೋರ್ ಪ್ಯಾಡ್ ಚಿಕ್ಕದು, ಅಂಟಿನ ಸ್ವಭಾವ ಅದರ ಮೇಲೆ ಕೈಗೆ ಒಗ್ಗುತ್ತದೆ, ತಪ್ಪಾದರೂ ನಷ್ಟವಾಗುವುದು ಅರ್ಧ ಮೀಟರ್ ಬಟ್ಟೆ ಮಾತ್ರ.

ಪ್ಯಾಡನ್ನು ಹಿಡಿದಿರುವ ಸ್ಕ್ರೂಗಳು ಸಾಮಾನ್ಯವಾಗಿ ಮರೆಯಲ್ಲಿರುತ್ತವೆ: ಬಾಗಿಲು ತೆರೆಯುವ ಹಿಡಿಯ ಹಿಂದಿನ ಬಟ್ಟಲಿನಲ್ಲಿ, ಆರ್ಮ್‌ರೆಸ್ಟ್‌ನ ಕುಳಿಯ ತಳದಲ್ಲಿ, ಕನ್ನಡಿಯ ಬಳಿಯ ತ್ರಿಕೋನ ಮುಚ್ಚಳದ ಕೆಳಗೆ. ಕೈಯಿಂದ ತಿರುಗಿಸುವ ಕಿಟಕಿಯಾದರೆ ಹಿಡಿಯ ಹಿಂದೆ ಕುದುರೆ ಲಾಳದ ಆಕಾರದ ತಂತಿ ಕ್ಲಿಪ್ ಇರುತ್ತದೆ. ಹಿಡಿಗೂ ಪ್ಯಾಡಿಗೂ ನಡುವೆ ಒಂದು ಹಳೆ ಬಟ್ಟೆಯನ್ನು ತೂರಿಸಿ, ಎರಡೂ ತುದಿ ಹಿಡಿದು ಗರಗಸ ಎಳೆದಂತೆ ಆಚೀಚೆ ಎಳೆದರೆ ಬಟ್ಟೆ ಕ್ಲಿಪ್ಪಿನ ತುದಿಗೆ ಸಿಕ್ಕಿ ಅದನ್ನು ಹೊರಗೆಳೆಯುತ್ತದೆ. ಅದು ಚಿಮ್ಮಿ ಎಲ್ಲೋ ಹೋಗಿ ಬೀಳದಂತೆ ಇನ್ನೊಬ್ಬರು ಅಂಗೈ ಅಡ್ಡ ಹಿಡಿದಿರಲಿ.

ಎಲ್ಲ ಸ್ಕ್ರೂಗಳೂ ಬಂದ ಮೇಲೆ ಸುತ್ತಲಿನ ಕ್ಲಿಪ್ಪುಗಳ ಸರದಿ. ಪ್ಯಾಡಿನ ಅಂಚು ಹಿಡಿದು ಜಗ್ಗಿದರೆ ಕ್ಲಿಪ್ ಬಾಗಿಲಿನಲ್ಲೇ ಉಳಿದು, ಅದು ಕೂತಿದ್ದ ಗೂಡು ಪ್ಯಾಡಿನಿಂದ ಮುರಿದು ಬರುತ್ತದೆ. ಟಾರ್ಚ್ ಬಿಟ್ಟು ಕ್ಲಿಪ್ ಎಲ್ಲಿದೆ ಎಂದು ನೋಡಿ, ಪಟ್ಟಿಯನ್ನು ಸರಿಯಾಗಿ ಅದರ ಬುಡಕ್ಕೇ ತೂರಿಸಿ ಮೀಟಿ. ಕ್ಲಿಪ್ ಬಿಟ್ಟಾಗ ಟಪ್ಪೆಂಬ ಮೊಂಡು ಸದ್ದು ಬರುತ್ತದೆ. ಚಟ್ಟೆಂಬ ಒಣ ಸದ್ದು ಬಂದರೆ ಏನೋ ಮುರಿದಿದೆ, ನಿಲ್ಲಿಸಿ ನೋಡಿ. ಬಳಿಕ ಪ್ಯಾಡನ್ನು ಮೇಲಕ್ಕೆತ್ತಿ ಗಾಜಿನ ಅಂಚಿನಿಂದ ಬಿಡಿಸಿ, ಹಿಂದಿನ ವೈರುಗಳನ್ನೂ ಹಿಡಿಯ ಕೇಬಲ್ಲನ್ನೂ ಕಳಚಿ.

ಈಗ ಬಾಗಿಲಿನ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಅಥವಾ ಫೋಮ್ ಹಾಳೆ ಕಾಣಿಸುತ್ತದೆ. ಡೋರ್ ಪ್ಯಾಡಿನ ಆಯುಷ್ಯ ನಿಂತಿರುವುದು ಇದರ ಮೇಲೆ. ಬಾಗಿಲಿನ ಟೊಳ್ಳಿನೊಳಗೆ ನೀರು ಬರುವುದು ದೋಷವಲ್ಲ. ಮಳೆನೀರು ಗಾಜಿನ ಮೇಲೆ ಹರಿದು, ಹೊರಗಿನ ರಬ್ಬರ್ ಪಟ್ಟಿಯ ಸಂದಿನಿಂದ ಒಳಗಿಳಿದು, ಕೆಳ ಅಂಚಿನ ರಂಧ್ರಗಳಿಂದ ಹೊರಹೋಗುವಂತೆಯೇ ಬಾಗಿಲನ್ನು ರೂಪಿಸಿರುತ್ತಾರೆ. ಆ ನೀರು ಪ್ಯಾಡಿನತ್ತ ಬರದಂತೆ ತಡೆಯುವುದು ಈ ಹಾಳೆ. ಹಿಂದೆ ಯಾರೋ ಗಾಜಿನ ಮೋಟರ್ ದುರಸ್ತಿಗೆಂದು ಇದನ್ನು ಹರಿದು ಹಾಗೆಯೇ ಬಿಟ್ಟಿದ್ದರೆ, ನೀರು ಪ್ಯಾಡಿನ ಬೆನ್ನಿಗೆ ತಾಗಿ ಹಾರ್ಡ್‌ಬೋರ್ಡ್ ಉಬ್ಬುತ್ತದೆ, ರೆಕ್ಸಿನ್ ಬಿಡುತ್ತದೆ, ಕೊನೆಗೆ ಕಾಲಡಿಯ ಕಾರ್ಪೆಟ್ ಕೂಡ ನೆನೆಯುತ್ತದೆ. ಕೆಲವು ಕಾರುಗಳಲ್ಲಿ ಪಕ್ಕದ ಅಪಘಾತವನ್ನು ಗ್ರಹಿಸುವ ಒತ್ತಡದ ಸೆನ್ಸರ್ ಬಾಗಿಲಿನ ಟೊಳ್ಳಿನಲ್ಲೇ ಇದ್ದು, ಅದು ಸರಿಯಾಗಿ ಕೆಲಸ ಮಾಡಲು ಆ ಟೊಳ್ಳು ಮುಚ್ಚಿರಬೇಕಾಗುತ್ತದೆ. ಹಾಗಾಗಿ ಹರಿದ ಹಾಳೆಯನ್ನು ಕಡ್ಡಾಯವಾಗಿ ಸರಿಪಡಿಸಿ.

ಮೊದಲು ಕೆಳ ಅಂಚಿನ ರಂಧ್ರಗಳನ್ನು ಮರದ ಕಡ್ಡಿಯಿಂದ ಕೆದಕಿ ಮಣ್ಣು ತೆಗೆಯಿರಿ, ಒಂದು ಲೋಟ ನೀರನ್ನು ಒಳಗೆ ಸುರಿದು ಅದು ಸರಾಗವಾಗಿ ಹೊರಬರುತ್ತದೆಯೇ ನೋಡಿ. ಹಳೆಯ ಹಾಳೆ ಸಣ್ಣಪುಟ್ಟ ಹರಕಿನದಾದರೆ ಜಲನಿರೋಧಕ ಟೇಪಿನಿಂದ ಮುಚ್ಚಿದರೆ ಸಾಕು. ಪೂರ್ತಿ ಹಾಳಾಗಿದ್ದರೆ ದಪ್ಪ ಪಾಲಿಥೀನ್ ಹಾಳೆಯನ್ನು ಅದೇ ಆಕಾರಕ್ಕೆ ಕತ್ತರಿಸಿ, ಸುತ್ತಲೂ ಬ್ಯುಟೈಲ್ ಪಟ್ಟಿ (ಜಿಗುಟು ರಬ್ಬರಿನ ಪಟ್ಟಿ) ಒತ್ತಿ ಅಂಟಿಸಿ. ಹಾಳೆಯ ಕೆಳತುದಿ ಬಾಗಿಲಿನ ಒಳಕ್ಕೆ ತಿರುಗಿದ್ದ ಕಾರಿನಲ್ಲಿ ಅದನ್ನು ಹಾಗೆಯೇ ಒಳಕ್ಕೆ ತೂರಿಸಿ. ಹೊರಗೆ ಬಿಟ್ಟರೆ ಹನಿ ಹನಿಯಾಗಿ ನೀರು ಪ್ಯಾಡಿಗೇ ಬರುತ್ತದೆ.

ಆಮೇಲೆ ಪ್ಯಾಡಿನ ಕಡೆ ತಿರುಗೋಣ. ಹಳೆಯ ಮಾದರಿಯ ಹಾರ್ಡ್‌ಬೋರ್ಡ್ ಪ್ಯಾಡಿನ ಅಂಚು ಮೆತ್ತಗಾಗಿ ಪದರ ಬಿಟ್ಟಿದ್ದರೆ ಅದನ್ನು ಉಳಿಸಲು ಹೆಣಗುವುದಕ್ಕಿಂತ 3 ಮಿ.ಮೀ. ಹೊಸ ಹಾರ್ಡ್‌ಬೋರ್ಡಿನ ಮೇಲೆ ಹಳೆಯದನ್ನು ಇಟ್ಟು ಗೆರೆ ಎಳೆದು, ಪ್ರತಿಯೊಂದು ಕ್ಲಿಪ್ಪಿನ ತೂತನ್ನೂ ಗುರುತು ಮಾಡಿ ಕತ್ತರಿಸುವುದೇ ಲೇಸು. ಬಟ್ಟೆ ಹಾಕುವ ಮೊದಲು ಎರಡೂ ಮೈಗೆ, ಮುಖ್ಯವಾಗಿ ಅಂಚುಗಳಿಗೆ ಮತ್ತು ತೂತುಗಳ ಒಳಬದಿಗೆ, ವಾರ್ನಿಷ್ ಎರಡು ಸಲ ಬಳಿದು ಒಣಗಿಸಿ. ನೀರು ಹಾರ್ಡ್‌ಬೋರ್ಡಿನೊಳಗೆ ನುಗ್ಗುವುದು ಹೆಚ್ಚಾಗಿ ಅಂಚಿನಿಂದಲೇ.

ಅಚ್ಚಿನ ಪ್ಲಾಸ್ಟಿಕ್ ಪ್ಯಾಡಿನಲ್ಲಿ ಕ್ಲಿಪ್ಪಿನ ಗೂಡು ಮುರಿದಿದ್ದರೆ, ಅಂಟು ತರುವ ಮೊದಲು ಹಿಂಬದಿಯಲ್ಲಿ ಒತ್ತಿರುವ ಅಕ್ಷರಗಳನ್ನು ಓದಿ. ಎಬಿಎಸ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಎಂದಿದ್ದರೆ ಎಪಾಕ್ಸಿ, ಅಂದರೆ ಎರಡು ಭಾಗ ಬೆರೆಸಿ ಬಳಸುವ ಅಂಟು, ಹಿಡಿಯುತ್ತದೆ. ಎಬಿಎಸ್ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿದ ಲೇಹ್ಯದಂಥ ಅಂಟು ಇನ್ನೂ ಚೆನ್ನಾಗಿ ಬೆಸೆಯುತ್ತದೆ. ಪಿಪಿ ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಮಾಮೂಲಿ ಎಪಾಕ್ಸಿಯಾಗಲಿ ಸೂಪರ್ ಗ್ಲೂ ಆಗಲಿ ಅದರ ಮೇಲೆ ಒಣಗಿದ ಮೇಲೆ ಉಗುರಿನಲ್ಲಿ ಎದ್ದು ಬರುತ್ತದೆ. ಅದಕ್ಕೆ ಅದರದೇ ಪ್ರೈಮರ್ ಬೇಕು, ಇಲ್ಲವೇ ಸಾಲ್ಡರಿಂಗ್ ಕಡ್ಡಿಯಿಂದ ಅದೇ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯಬೇಕು. ಈ ಒಂದು ಓದು ಒಂದು ದಿನದ ಶ್ರಮ ಉಳಿಸುತ್ತದೆ.

ಬಿಟ್ಟುಕೊಂಡ ರೆಕ್ಸಿನ್ ಇನ್ನೂ ಮೆದುವಾಗಿದ್ದರೆ ಹಳೆಯ ಅಂಟನ್ನು ಕೆರೆದು, ಎರಡೂ ಮೈಗೆ ತೆಳುವಾಗಿ ಕಾಂಟ್ಯಾಕ್ಟ್ ಅಂಟು ಹಚ್ಚಿ, ಹೇರ್ ಡ್ರೈಯರ್‌ನಿಂದ ರೆಕ್ಸಿನ್ನನ್ನು ಬೆಚ್ಚಗೆ ಮಾಡಿ ಒತ್ತಿ ಕೂರಿಸಿ. ವರ್ಷಗಳು ಕಳೆದಂತೆ ರೆಕ್ಸಿನ್ನಿನ ಮೆದುತನ ಕಾಯುವ ದ್ರವ್ಯ ಆವಿಯಾಗಿ ಅದು ಕುಗ್ಗಿರುತ್ತದೆ, ಹಾಗಾಗಿ ಬೆಚ್ಚಗೆ ಮಾಡದೆ ಎಳೆದರೆ ಸೀಳುತ್ತದೆ. ಮುಟ್ಟಿದರೆ ಒಡೆಯುವಷ್ಟು ಗಡುಸಾಗಿದ್ದರೆ ಹೊಸದನ್ನೇ ಹಾಕಿ. ನಡುವಿನ ಬಟ್ಟೆಯ ಭಾಗಕ್ಕೆ ರೂಫ್ ಲೈನಿಂಗ್‌ನದೇ ಕ್ರಮ.

ರೂಫ್ ಬೋರ್ಡನ್ನು ಹೊರತೆಗೆಯುವುದು

ಸನ್ ವೈಸರ್, ಹಿಡಿಕೆಗಳು, ಒಳದೀಪ, ಕೋಟ್ ಕೊಕ್ಕೆ, ಬಾಗಿಲಿನ ಸುತ್ತಲಿನ ರಬ್ಬರು, ಛಾವಣಿಯನ್ನು ಹೊತ್ತ ಕಂಬಗಳ ಮೇಲಿನ ಟ್ರಿಮ್ ಎಲ್ಲವೂ ಬರಬೇಕು. ಹಿಡಿಕೆಯ ಸ್ಕ್ರೂಗಳು ಪುಟ್ಟ ಮುಚ್ಚಳಗಳ ಕೆಳಗೆ ಅಡಗಿರುತ್ತವೆ. ಏರ್‌ಬ್ಯಾಗ್ ಎಂದು ಬರೆದಿರುವ ಕಂಬದ ಟ್ರಿಮ್‌ಗಳ ಕ್ಲಿಪ್ಪುಗಳು ಹಲವು ಕಾರುಗಳಲ್ಲಿ ಒಂದೇ ಸಲದ ಬಳಕೆಯವು, ಅವುಗಳ ಜಾಗಕ್ಕೆ ಹೊಸವನ್ನೇ ಹಾಕಬೇಕು. ಆ ಟ್ರಿಮ್‌ಗಳ ಮೇಲೆ ಹೊಸ ಬಟ್ಟೆ ಸುತ್ತುವುದೂ ಬೇಡ.

ಮುಂದಿನ ಸೀಟುಗಳನ್ನು ಪೂರ್ತಿ ಹಿಂದಕ್ಕೆ ಒರಗಿಸಿ, ಬೋರ್ಡನ್ನು ಇಬ್ಬರು ಹಿಡಿದು ಇಳಿಸಿ. ಹ್ಯಾಚ್‌ಬ್ಯಾಕ್ ಆದರೆ ಹಿಂಬಾಗಿಲಿನಿಂದ, ಸೆಡಾನ್ ಆದರೆ ಸ್ಟಿಯರಿಂಗ್ ಇಲ್ಲದ ಕಡೆಯ ಬಾಗಿಲಿನಿಂದ ಅದು ಓರೆಯಾಗಿ ಹೊರಬರುತ್ತದೆ. ಒಬ್ಬರೇ ಎಳೆಯಲು ಹೋದರೆ ಮಧ್ಯೆ ಮಡಿಕೆ ಬೀಳುತ್ತದೆ, ಆ ಮಡಿಕೆಯ ಗೆರೆ ಹೊಸ ಬಟ್ಟೆಯ ಮೇಲೂ ಕೊನೆಯವರೆಗೂ ಕಾಣುತ್ತದೆ. ಹಾಗೇನಾದರೂ ಬಿರುಕು ಬಿಟ್ಟರೆ ಬೋರ್ಡಿನ ಮೇಲ್ಬದಿಯಿಂದ, ಅಂದರೆ ಕಣ್ಣಿಗೆ ಕಾಣದ ಕಡೆಯಿಂದ, ಫೈಬರ್ ಗ್ಲಾಸ್ ಬಟ್ಟೆ ಮತ್ತು ರೆಸಿನ್ ಹಚ್ಚಿ ಗಟ್ಟಿ ಮಾಡಿ.

ಕೆರೆಯುವ ಕೆಲಸ

ಬಟ್ಟೆಯನ್ನು ಒಂದು ಮೂಲೆಯಿಂದ ಎಳೆದರೆ ಹಾಳೆಯಂತೆ ಸುಲಭವಾಗಿ ಬರುತ್ತದೆ. ಹಿಂದೆ ಉಳಿಯುವ ಫೋಮ್ ಪುಡಿಯೇ ನಿಜವಾದ ಕೆಲಸ. ಮಾಸ್ಕ್ ಮತ್ತು ಕೈಗವಸು ಹಾಕಿ, ಬಯಲಿನಲ್ಲಿ ಕುಳಿತು, ಬೋರ್ಡನ್ನು ಗಟ್ಟಿ ಮಟ್ಟದ ಮೇಲಿಟ್ಟು ನೈಲಾನ್ ಬ್ರಷ್‌ನಿಂದ ಸಣ್ಣ ವೃತ್ತಗಳಲ್ಲಿ ಉಜ್ಜಿ, ವ್ಯಾಕ್ಯೂಮ್‌ನಿಂದ ಎಳೆದುಕೊಳ್ಳಿ. ತಂತಿಯ ಬ್ರಷ್ ಬಳಸಿದರೆ ಬೋರ್ಡಿನ ಮೈ ಕಿತ್ತು ಬರುತ್ತದೆ. ನೀರು ತಾಗಿಸಬಾರದು, ನಾರಿನ ಬೋರ್ಡು ಆಕಾರ ಕಳೆದುಕೊಳ್ಳುತ್ತದೆ.

ಮೊದಲ ಸಲ ಈ ಕೆಲಸ ಮಾಡಿದಾಗ ನಾನು ಹಿಂದಿನ ಮೂಲೆಯೊಂದರಲ್ಲಿ ಅಂಗೈಯಗಲ ಜಾಗವನ್ನು ಬೇಗ ಬೇಗ ಉಜ್ಜಿ ಬಿಟ್ಟಿದ್ದೆ. ಒಂದು ಬೇಸಿಗೆ ಕಳೆಯುತ್ತಲೇ ಸರಿಯಾಗಿ ಅಷ್ಟೇ ಅಗಲ ಬಟ್ಟೆ ಕೆಳಗಿಳಿಯಿತು. ಬಿಡಿಸಿ ನೋಡಿದರೆ ಹೊಸ ಅಂಟಿನ ಮೇಲೆ ಕಂದು ಪುಡಿಯ ತೆಳು ಪೊರೆ ಹಾಗೆಯೇ ಎದ್ದು ಬಂದಿತ್ತು. ಅಂಟು ತನ್ನ ಕೆಲಸ ಮಾಡಿತ್ತು, ಹಿಡಿದುಕೊಳ್ಳಲು ಕೆಳಗೆ ಗಟ್ಟಿ ನೆಲ ಇರಲಿಲ್ಲ. ಅಂದಿನಿಂದ ಕೆರೆದು ಮುಗಿಸಿದ ಮೇಲೆ ಕಪ್ಪು ಬಟ್ಟೆಯ ತುಂಡಿನಿಂದ ಬೋರ್ಡಿನ ಎಲ್ಲ ಮೂಲೆಗಳನ್ನೂ ಒರೆಸಿ ನೋಡುತ್ತೇನೆ. ಬಟ್ಟೆಗೆ ಪುಡಿ ಹತ್ತಿದರೆ ಮತ್ತೆ ಬ್ರಷ್ ಹಿಡಿಯುತ್ತೇನೆ. ದೀಪದ ಕುಳಿಯ ಸುತ್ತ, ವೈಸರ್ ಕೂರುವ ತಗ್ಗಿನಲ್ಲಿ ಪುಡಿ ಹೆಚ್ಚು ಉಳಿಯುತ್ತದೆ.

ಬಟ್ಟೆ ಕೂರಿಸುವುದು

ಬೋರ್ಡಿನ ಅತಿ ಉದ್ದದ ಮತ್ತು ಅತಿ ಅಗಲದ ಕಡೆ, ತಗ್ಗು ಉಬ್ಬುಗಳ ಮೇಲೆಯೇ ಟೇಪ್ ಹಾಯಿಸಿ ಅಳೆದು, ಪ್ರತಿ ಬದಿಗೂ 8–10 ಸೆಂ.ಮೀ. ಹೆಚ್ಚು ಬಿಟ್ಟು ಕತ್ತರಿಸಿ. ಬಟ್ಟೆಯನ್ನು ಬೋರ್ಡಿನ ಮೇಲೆ ಹಾಸಿ, ಸುಕ್ಕು ಸರಿಪಡಿಸಿ, ಮುಂದಿನ ಅರ್ಧವನ್ನು ಹಿಂದಿನ ಅರ್ಧದ ಮೇಲೆ ಮಡಚಿ. ಬೋರ್ಡಿನ ತೆರೆದ ಅರ್ಧಕ್ಕೂ ಫೋಮ್‌ನ ಅರ್ಧಕ್ಕೂ ಅಂಟನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಸಮನಾಗಿ ಸಿಂಪಡಿಸಿ. ಗಾಳಿಯಾಡುವ ಜಾಗವಿರಲಿ, ಹತ್ತಿರ ಎಲ್ಲೂ ಬೆಂಕಿ ಇರಬಾರದು. ಒಂದೇ ಕಡೆ ನಿಂತು ಸಿಂಪಡಿಸಿದರೆ ಅಂಟು ಫೋಮ್ ದಾಟಿ ಬಟ್ಟೆಯ ಮುಖಕ್ಕೆ ಬಂದು ಕಪ್ಪು ಕಲೆಯಾಗಿ ಗಟ್ಟಿಯಾಗುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ.

ಈಗ ಕಾಯಬೇಕು. ಡಬ್ಬಿಯ ಮೇಲೆ ನಿಮಿಷಗಳನ್ನು ಬರೆದಿದ್ದರೂ ಹವೆಗೆ ತಕ್ಕಂತೆ ಅದು ಬದಲಾಗುತ್ತದೆ, ಆದ್ದರಿಂದ ಬೆರಳ ಗೆಣ್ಣನ್ನು ಅಂಟಿಗೆ ತಾಗಿಸಿ ನೋಡುವುದೇ ನಂಬಿಕೆಯ ಪರೀಕ್ಷೆ: ಜಿಗುಟು ಎನಿಸಬೇಕು, ಆದರೆ ಗೆಣ್ಣಿಗೆ ಅಂಟು ಮೆತ್ತಿಕೊಳ್ಳಬಾರದು. ಹಸಿಯಿರುವಾಗಲೇ ಒತ್ತಿದರೆ ಒಳಗಿನ ದ್ರಾವಕ ಹೊರಬರಲಾರದೆ ಅಲ್ಲಲ್ಲಿ ಗುಳ್ಳೆ ಏಳುತ್ತದೆ.

ಮಡಚಿದ ಬಟ್ಟೆಯನ್ನು ನಡುಗೆರೆಯಿಂದ ಹೊರಕ್ಕೆ, ಸ್ವಲ್ಪ ಸ್ವಲ್ಪವಾಗಿ ಬಿಡುತ್ತ ಅಂಗೈಯಿಂದ ಸವರಿ ಕೂರಿಸಿ. ತಗ್ಗು ಬಂದ ಕಡೆ ಮೊದಲು ತಗ್ಗಿನ ತಳಕ್ಕೆ ಬಟ್ಟೆಯನ್ನು ಬೆರಳಿನಿಂದ ಇಳಿಸಿ, ಅಲ್ಲಿಂದ ದಂಡೆಯ ಕಡೆ ಬನ್ನಿ. ದಂಡೆಯಿಂದ ದಂಡೆಗೆ ಬಟ್ಟೆಯನ್ನು ಬಿಗಿಯಾಗಿ ಎಳೆದು ಕೂರಿಸಿದರೆ ಅಂದು ಚೆಂದ ಕಾಣುತ್ತದೆ, ಮೊದಲ ಬಿಸಿಲಿಗೇ ತಗ್ಗಿನಿಂದ ಎದ್ದು ಡೇರೆಯಂತೆ ನಿಲ್ಲುತ್ತದೆ. ಎಲ್ಲಿಯೂ ಎಳೆಯಬಾರದು, ಒತ್ತಬೇಕು. ಒಂದು ಅರ್ಧ ಮುಗಿದ ಮೇಲೆ ಇನ್ನೊಂದು ಅರ್ಧಕ್ಕೂ ಹೀಗೆಯೇ ಮಾಡಿ, ಅಂಚಿನ 2–3 ಸೆಂ.ಮೀ. ಬಟ್ಟೆಯನ್ನು ಬೋರ್ಡಿನ ಹಿಂಬದಿಗೆ ತಿರುಗಿಸಿ ಅಂಟಿಸಿ ಉಳಿದದ್ದನ್ನು ಕತ್ತರಿಸಿ. ದೀಪ, ವೈಸರ್, ಹಿಡಿಕೆಗಳ ತೂತುಗಳನ್ನು ಹೊಸ ಬ್ಲೇಡಿನಿಂದ ನಡುವಿನಿಂದ ಗುಣಾಕಾರ ಚಿಹ್ನೆಯಂತೆ ಸೀಳಿ, ಸೀಳು ತೂತಿನ ಅಂಚಿಗೆ ಸ್ವಲ್ಪ ಮುಂಚೆಯೇ ನಿಲ್ಲಲಿ, ತುದಿಗಳನ್ನು ಒಳಕ್ಕೆ ಮಡಚಿ. ನಂತರ ಬೋರ್ಡನ್ನು 24 ಗಂಟೆ ನೆರಳಿನಲ್ಲಿ ಮಟ್ಟವಾಗಿ ಇಡಿ.

ತುಂಬ ಹಳೆಯ ಕಾರುಗಳಲ್ಲಿ ಬೋರ್ಡೇ ಇರುವುದಿಲ್ಲ. ಉಕ್ಕಿನ ಕಮಾನುಗಳಿಗೆ ಪೋಣಿಸಿದ ಬಟ್ಟೆ ತೂಗುತ್ತಿರುತ್ತದೆ. ಅಲ್ಲಿ ಪ್ರತಿಯೊಂದು ಕಮಾನೂ ಬೇರೆ ಬೇರೆ ಬಾಗಿನದು, ಕಳಚುವಾಗಲೇ ಮುಂದಿನಿಂದ ಹಿಂದಕ್ಕೆ ಸಂಖ್ಯೆ ಬರೆದು ಯಾವ ತೂತಿನಲ್ಲಿತ್ತು ಎಂದು ಗುರುತಿಸದಿದ್ದರೆ ಹೊಸ ಬಟ್ಟೆ ಎಷ್ಟು ಎಳೆದರೂ ಸುಕ್ಕಾಗಿಯೇ ಉಳಿಯುತ್ತದೆ.

ಮರಳಿ ಜೋಡಿಸುವಾಗ

ಬೋರ್ಡನ್ನು ಹೊರತಂದ ದಾರಿಯಲ್ಲೇ ಇಬ್ಬರು ಒಳಗೊಯ್ದು, ಮೊದಲು ಒಳದೀಪ ಮತ್ತು ವೈಸರ್‌ಗಳ ಸ್ಕ್ರೂಗಳನ್ನು ಸಡಿಲವಾಗಿ ಹಾಕಿ ಅದನ್ನು ನಿಲ್ಲಿಸಿ, ಎಲ್ಲ ತೂತುಗಳೂ ಹೊಂದಿದ ಮೇಲಷ್ಟೇ ಬಿಗಿ ಮಾಡಿ. ಹೊಸ ಬಟ್ಟೆಗೆ ಕೈಯ ಎಣ್ಣೆ ಕಲೆ ಬೇಗ ಹತ್ತುತ್ತದೆ, ಶುಭ್ರವಾದ ಹತ್ತಿಯ ಕೈಗವಸು ಹಾಕಿಕೊಳ್ಳಿ. ಬೋರ್ಡಿನ ಅಂಚನ್ನು ಕಾರಿನ ತಗಡಿಗೆ ಅಂಟಿನಿಂದ ಹಿಡಿಸಬೇಡಿ: ಅಪಘಾತದ ಗಳಿಗೆಯಲ್ಲಿ ಕರ್ಟನ್ ಏರ್‌ಬ್ಯಾಗ್ ಆ ಅಂಚನ್ನೇ ಕೆಳಕ್ಕೆ ತಳ್ಳಿಕೊಂಡು ಬಿಚ್ಚಿಕೊಳ್ಳಬೇಕು. ಎಲ್ಲ ವೈರುಗಳನ್ನೂ ಜೋಡಿಸಿದ ಮೇಲೆ ಬ್ಯಾಟರಿ ಸೇರಿಸಿ ಕೀ ತಿರುಗಿಸಿ. ಏರ್‌ಬ್ಯಾಗ್‌ನ ಎಚ್ಚರಿಕೆ ದೀಪ ಕೆಲವು ಸೆಕೆಂಡು ಹೊತ್ತಿ ಆರಬೇಕು. ಆರದೆ ಉಳಿದರೆ ಯಾವುದೋ ಕನೆಕ್ಟರ್ ಸರಿಯಾಗಿ ಕೂತಿಲ್ಲ. ಮತ್ತೆ ಬ್ಯಾಟರಿ ಕಳಚಿ, ಕಾಯಬೇಕಾದಷ್ಟು ಹೊತ್ತು ಕಾದು, ಕಂಬದ ಟ್ರಿಮ್‌ನಿಂದ ಮತ್ತೊಮ್ಮೆ ನೋಡುತ್ತ ಬನ್ನಿ, ಆಗಲೂ ಆರದಿದ್ದರೆ ತಿಳಿದ ಮೆಕ್ಯಾನಿಕ್‌ಗೆ ತೋರಿಸದೆ ಕಾರನ್ನು ರಸ್ತೆಗೆ ಇಳಿಸಬೇಡಿ.